‘ಟ್ಯೂಬ್ ಬೇಡ ಅಂದಿದ್ದರು’

ಮಾರ್ಚ್ 4, ಸೋಮವಾರ

ಬೆಳಿಗ್ಗೆ ರೌಂಡ್ಸ್, ಗುಣವಾಗದ ಕಾಯಿಲೆಯವರ ನಮ್ಮ ವಾರ್ಡಿನಲ್ಲಿ. ಹದಿನಾಲ್ಕು ಬೆಡ್, ಹದಿಮೂರು ಜನ. ಆರನೆಯದು ನಿನ್ನೆ ಖಾಲಿಯಾಯಿತು, ಇನ್ನೂ ಹಾಸು ಬದಲಾಯಿಸಿಲ್ಲ.

ಒಂಬತ್ತನೇ ಬೆಡ್ಡಿನ ಟೈಲರ್‌ಗೆ ಕಾಯಿಲೆ ಏನೆಂದು ಮನೆಯವರು ಹೇಳಿಲ್ಲ. ಮಗಳು ಕಾರಿಡಾರಿನಲ್ಲಿ ಕೈ ಹಿಡಿದುಕೊಂಡು, ಹೊಟ್ಟೆಹುಣ್ಣು ಅಂದಿದ್ದೇವೆ, ನೀವೂ ಹಾಗೇ ಹೇಳಿ ಎಂದಳು. ಸುಳ್ಳು ಹೇಳಲ್ಲ, ಅವರು ಕೇಳದೆ ನಾನಾಗಿ ಹೇಳೋದೂ ಇಲ್ಲ ಎಂದೆ. ಒಳಗೆ ಹೋಗಿ ಪಕ್ಕದಲ್ಲಿ ಕೂತೆ. ಕಾಯಿಲೆ ಬಗ್ಗೆ ನಿಮಗೇನು ಅನ್ನಿಸುತ್ತೆ ಎಂದು ಕೇಳಿದೆ, ಅಷ್ಟೇ. ಆತ ಸೂರು ನೋಡುತ್ತಾ, ಹುಣ್ಣಿಗೆ ಯಾರಾದರೂ ಇಷ್ಟು ಅಳ್ತಾರಾ ಡಾಕ್ಟ್ರೇ ಎಂದ. ಆಮೇಲೆ ಅಪ್ಪ, ಮಗಳು ಮುಕ್ಕಾಲು ಗಂಟೆ ಮಾತಾಡಿದರು. ನಾನು ಹೊರಗೆ ಬಂದೆ. ಇಂಥ ದಿನ ಸಂಬಳಕ್ಕೆ ಮೋಸ ಮಾಡಲಿಲ್ಲ ಅನ್ನಿಸುತ್ತದೆ.

ಜೂನಿಯರ್‌ಗಳಿಗೆ ಮತ್ತೆ ಹೇಳಿದೆ — ರೋಗಿ ಸಾವಿನ ಮಾತು ತೆಗೆದಾಗ ‘ನಿಮಗೇನೂ ಆಗಲ್ಲ ಬಿಡಿ’ ಅನ್ನಬೇಡಿ. ಮುಖಕ್ಕೆ ಬಾಗಿಲು ಹಾಕಿದ ಹಾಗೆ.

ಸಂಜೆ 7. ಮನೆಗೆ ಬಂದರೆ ಮಾವ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಾರೆ. ಮೂವತ್ತೆರಡು ವರ್ಷ ಪಂಪ್‌ಹೌಸಿನಲ್ಲಿದ್ದು ಊರಿಗೆ ನೀರು ಬಿಟ್ಟವರು. ಗಡಿಯಾರ ನೋಡದೆ ಯಾವ ಕೆಲಸವನ್ನೂ ಶುರು ಮಾಡುವವರಲ್ಲ. ಈಗಲೂ ನೋಡಿದರು. “ಸ್ವಲ್ಪ ಮಾತಾಡೋದಿತ್ತಮ್ಮ. ನಿನ್ನ ಡಿಪಾರ್ಟ್‌ಮೆಂಟಿಗೆ ಸೇರಿದ್ದು,” ಎಂದರು. ತಮ್ಮ ಜೋಕಿಗೆ ತಾವೇ ನಕ್ಕರು. ನನ್ನ ಕಾಲು ಬಿದ್ದುಹೋಗುತ್ತಿತ್ತು. ಭಾನುವಾರ ಮಾತಾಡೋಣ ಮಾವ ಎಂದೆ. ಆಗಲಿ, ಅರ್ಜೆಂಟ್ ಏನಿಲ್ಲ ಎಂದರು.

ಮಾರ್ಚ್ 10, ಭಾನುವಾರ

ಮಧ್ಯಾಹ್ನ ಮೂರರವರೆಗೆ ನಿದ್ದೆ. ಎದ್ದು ಸ್ಲೈಡ್ ತಯಾರಿ. ಮುಂದಿನ ತಿಂಗಳು ಆಸ್ಪತ್ರೆಯಲ್ಲಿ ಜನರಿಗಾಗಿ ಕಾರ್ಯಕ್ರಮ, ‘ಸಾವಿನ ಬಗ್ಗೆ ಮನೆಯಲ್ಲಿ ಮಾತಾಡಿ’. ಭಾಷಣ ನನ್ನದು.

ಮಾವ ಎರಡು ಸಲ ಇಣುಕಿ ನೋಡಿದರು. ಮೂರನೇ ಸಲ ಒಳಗೇ ಬಂದು ಮಂಚದ ತುದಿಯಲ್ಲಿ ಕೂತರು. ಜೊತೆಯಲ್ಲಿ ಕೆಲಸ ಮಾಡಿದ ಫಿಟ್ಟರ್ ಎಂಟು ತಿಂಗಳಿಂದ ಹಾಸಿಗೆ ಹಿಡಿದಿದ್ದಾನಂತೆ. ನೋಡಿಕೊಂಡು ಬಂದಿದ್ದರು. “ಹಾಗೇನಾದ್ರೂ ನನಗೆ ಆದ್ರೆ...” ಎಂದು ಶುರು ಮಾಡಿದರು.

ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. “ನಿಮಗೇನೂ ಆಗಲ್ಲ ಬಿಡಿ ಮಾವ. ನಿಮ್ಮ ಬಿ.ಪಿ. ನನ್ನದಕ್ಕಿಂತ ಚೆನ್ನಾಗಿದೆ,” ಎಂದೆ.

ಟೀ ಮಾಡ್ಲಾ ಎಂದು ಕೇಳಿ ಎದ್ದುಹೋದರು. ಟೀ ಚೆನ್ನಾಗಿತ್ತು.

ಮಾರ್ಚ್ 14, ಗುರುವಾರ. ಐಸಿಯು ಹೊರಗೆ

ನಿನ್ನೆ ಬೆಳಿಗ್ಗೆ ಮಾವ ಬಾತ್‌ರೂಮಿನಲ್ಲಿ ಬಿದ್ದರು. ಸ್ಟ್ರೋಕ್. ಮೆದುಳಿನ ಎಡಭಾಗ, ದೊಡ್ಡದು. ಬಲಗೈ, ಬಲಗಾಲು ಹೋಗಿವೆ. ಮಾತು ಹೋಗಿದೆ. ನುಂಗುವುದಕ್ಕೂ ಆಗುತ್ತಿಲ್ಲ. ಸ್ಕ್ಯಾನ್ ನಾನೇ ನೋಡಿದೆ. ನೋಡಬಾರದಿತ್ತು. ಗಂಡನಿಗೆ, ಇವರಿಗೆ, ಇನ್ನೂ ಆಸೆ ಇದೆ, ನನಗೆ ಇಲ್ಲ. ಒಂದೇ ಬೆಂಚಿನ ಮೇಲೆ ಕೂತಿದ್ದೇವೆ.

ಹಾಗೇನಾದ್ರೂ ನನಗೆ ಆದ್ರೆ — ಆದರೆ ಏನು? ಎಲ್ಲಾ ಮಾಡಿಸು ಅನ್ನುವವರಿದ್ದರಾ? ಏನೂ ಮಾಡಿಸಬೇಡ ಅನ್ನುವವರಿದ್ದರಾ? ಆ ಫಿಟ್ಟರ್‌ನನ್ನು ನೋಡಿ ಹೆದರಿಕೆಯಾಗಿತ್ತಾ, ಅಥವಾ ಅಂತೂ ಬದುಕಿದ್ದಾನಲ್ಲ ಎಂದು ಸಮಾಧಾನವಾಗಿತ್ತಾ? ಮುಖವನ್ನಾದರೂ ನೋಡಿದ್ದರೆ ಊಹಿಸಬಹುದಿತ್ತು.

ಮಾರ್ಚ್ 18, ಸೋಮವಾರ

ಇವತ್ತು ಮೀಟಿಂಗ್. ನಾನು ದಿನಾ ರೋಗಿಗಳ ಮನೆಯವರನ್ನು ಕೂರಿಸುವಂಥದೇ ಚಿಕ್ಕ ರೂಮು, ಮೇಜಿನ ಮೇಲೆ ಅದೇ ಟಿಶ್ಯೂ ಡಬ್ಬ. ಈ ಸಲ ನಾನು ಡಬ್ಬದ ಈಚೆ ಕಡೆ.

ನರರೋಗದ ಡಾಕ್ಟರ್ ನನಗಿಂತ ಚಿಕ್ಕವನು. ನೀಟಾಗಿ ಹೇಳಿದ. ಮಾತು ವಾಪಸ್ ಬರುವ ಸಂಭವ ತೀರಾ ಕಡಿಮೆ. ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಹಾಕಿ ಆಹಾರ ಕೊಟ್ಟರೆ ತಿಂಗಳುಗಟ್ಟಲೆ, ವರ್ಷವೂ ಇರಬಹುದು — ಹಾಸಿಗೆಯಲ್ಲೇ. ಹಾಕದಿದ್ದರೆ ಹಿಡಿಸಿದಷ್ಟು ಚಮಚದಲ್ಲಿ ಕೊಡುವುದು, ಕೆಲವು ವಾರ. ಇವರು ಸರ್ವೆಯರ್, ಶೇಕಡಾ ಎಷ್ಟು ಎಂದು ಕೇಳಿದರು. ಇವರ ಅಕ್ಕ ಹೆಡ್‌ಮಿಸ್ಟ್ರೆಸ್, ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಆಮೇಲೆ ಆ ಹುಡುಗ ಡಾಕ್ಟರ್ ನನ್ನ ಕಡೆ ತಿರುಗಿ, ಅವರ ಮನಸ್ಸಲ್ಲಿ ಏನಿತ್ತು ಅಂತ ನಿಮಗೆ ಗೊತ್ತಿರುತ್ತಲ್ಲ ಮೇಡಂ, ನೀವು ಕೇಳಿಯೇ ಇರ್ತೀರಿ ಎಂದ.

ಮೂರು ಮುಖ ನನ್ನ ಮೇಲೆ. ಕೇಳಿಲ್ಲ ಅನ್ನಬೇಕಿತ್ತು. ಒಂದೇ ಪದ. ಬಾಯಿಗೆ ಬರಲಿಲ್ಲ.

“ಟ್ಯೂಬ್ ಬೇಡ ಅಂದಿದ್ರು,” ಎಂದೆ. “ಮನೆಯಲ್ಲೇ ಇರಬೇಕು ಅಂದಿದ್ರು.”

ಯಾವಾಗ ಎಂದು ಅಕ್ಕ ಕೇಳಿದರು. ಹತ್ತನೇ ತಾರೀಕು, ಭಾನುವಾರ ಎಂದೆ. ತಾರೀಕು ನಿಜ. ಅಕ್ಕ ಅದನ್ನೂ ಬರೆದುಕೊಂಡರು. ಇವರು ನನ್ನ ಕೈ ಹಿಡಿದುಕೊಂಡು ಅತ್ತರು. ಸದ್ಯ ನಿನ್ನ ಹತ್ತಿರವಾದರೂ ಹೇಳಿದ್ರಲ್ಲ ಎಂದರು.

ಡಾಕ್ಟರಾಗಿ ಕೇಳಿದರೂ ನಾನು ಟ್ಯೂಬ್ ಬೇಡ ಎಂದೇ ಹೇಳುತ್ತಿದ್ದೆ. ಹಾಗೆಂದೇ ಹೇಳಬಹುದಿತ್ತಲ್ಲ? ಇದು ನನ್ನ ಅಭಿಪ್ರಾಯ ಎಂದು? ಅವರ ಬಾಯಲ್ಲಿ ಯಾಕೆ ಹೇಳಿಸಿದೆ?

ಮಾರ್ಚ್ 21, ಗುರುವಾರ

ಮನೆಗೆ ಕರೆತಂದೆವು. ನಡುಮನೆಯಲ್ಲಿ ಕಿಟಕಿ ಪಕ್ಕ ಮಂಚ. ರಜೆ ಹಾಕಿದ್ದೇನೆ. ಗಟ್ಟಿ ಮಾಡಿದ ಹಾಲು, ಆರು ಚಮಚ ಕೊಟ್ಟರೆ ಎರಡು ಒಳಗೆ ಹೋಗುತ್ತದೆ, ಮಿಕ್ಕದ್ದು ಬಲಗೆನ್ನೆಯಲ್ಲಿ ನಿಲ್ಲುತ್ತದೆ, ಬೆರಳಿನಿಂದ ತೆಗೆಯಬೇಕು. ಎಡಗಣ್ಣಿನಿಂದ ನನ್ನನ್ನೇ ನೋಡುತ್ತಾರೆ.

ಮಾರ್ಚ್ 24, ಭಾನುವಾರ

ನೋಡಲು ಜನವೋ ಜನ. ಇವರು ಬಂದವರಿಗೆಲ್ಲ ಕಥೆ ಹೇಳುತ್ತಿದ್ದಾರೆ. ಕಥೆ ಬೆಳೆಯುತ್ತಿದೆ. ಬೆಳಿಗ್ಗೆ ಅಪ್ಪ ‘ಬೇಡ’ ಅಂದಿದ್ದರು. ಸಂಜೆ ಹೊತ್ತಿಗೆ ಸೊಸೆಯ ತಲೆ ಮೇಲೆ ಕೈಯಿಟ್ಟು, ನನ್ನನ್ನು ಸುಮ್ಮನೆ ಕಳಿಸಿಕೊಡು ಅಂದಿದ್ದರು. ನಾನು ಟೀ ಲೋಟ ತೊಳೆಯುತ್ತಾ ಕೇಳಿಸಿಕೊಂಡೆ. ತಿದ್ದಲು ನನ್ನಲ್ಲಿ ನಿಜವಾದ ಕಥೆ ಎಲ್ಲಿದೆ?

ಹೋಗುವಾಗ ಅಕ್ಕ ಅಡುಗೆಮನೆಗೆ ಬಂದರು. ಹದಿನೆಂಟು ವರ್ಷದಲ್ಲಿ ನನ್ನನ್ನು ಹೊಗಳಿದವರಲ್ಲ. ಅಪ್ಪನ ಇಷ್ಟ ಗೊತ್ತಿಲ್ಲದೆ ಹೋಗಿದ್ದರೆ ನಾನು ಎಲ್ಲಾ ಹಾಕಿಸಿ ಅಂತ ಹಟ ಹಿಡೀತಿದ್ದೆ, ಆಮೇಲೆ ಸಂಕಟಪಡ್ತಿದ್ದೆ, ನೀನು ಕೇಳಿಟ್ಟುಕೊಂಡಿದ್ದು ಒಳ್ಳೇದಾಯ್ತು ಎಂದರು. ಸೆರಗಿನಿಂದ ನನ್ನ ಹಣೆ ಒರೆಸಿದರು. ಕೈಯಲ್ಲಿದ್ದ ಲೋಟವನ್ನು ಇನ್ನೊಂದು ಸಲ ತೊಳೆದೆ.

ಮಾರ್ಚ್ 26, ಮಂಗಳವಾರ

ಸೂಪರಿಂಟೆಂಡೆಂಟ್ ಫೋನ್. ಇವರು ಅವರಿಗೂ ಹೇಳಿದ್ದಾರೆ. ಆರನೇ ತಾರೀಕಿನ ಭಾಷಣದಲ್ಲಿ ಸ್ಲೈಡು ಗೀಡು ಎಲ್ಲ ಬಿಡಿ, ನಿಮ್ಮ ಮನೆಯದೇ ಹೇಳಿ, ಅದಕ್ಕಿಂತ ಒಳ್ಳೆ ಉದಾಹರಣೆ ಬೇಕಾ ಎಂದರು. ಇನ್ನೂರು ಜನ ಬರುತ್ತಾರಂತೆ. ಹೂಂ ಅಂದೆನಾ, ಇಲ್ಲ ಅಂದೆನಾ? ನೆನಪಿಲ್ಲ. ಅವರು ಥ್ಯಾಂಕ್ಯೂ ಎಂದು ಇಟ್ಟರು.

ಮಾರ್ಚ್ 27, ಬುಧವಾರ. ಮಧ್ಯಾಹ್ನ

ಮನೆಯಲ್ಲಿ ನಾನು, ಮಾವ ಇಬ್ಬರೇ. ಎಡಗೈ ಹಿಡಿದು ಕೇಳಿದೆ. ಮಾವ, ಟ್ಯೂಬ್ ಬೇಡವಾ? ಬೇಡದಿದ್ದರೆ ಕೈ ಒತ್ತಿ ಎಂದೆ. ಒತ್ತಿದರು. ಎದೆ ಹಗುರಾಯಿತು. ನಾನು ಹೇಳಿದ್ದು ಸುಳ್ಳಾದರೂ ನಿಜವೇ ಆಗಿತ್ತು ಎಂದು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಕೆಲಸ ಕಲಿತ ಬುದ್ಧಿ, ಬಿಡಲಿಲ್ಲ. ಟ್ಯೂಬ್ ಬೇಕಾ ಮಾವ, ಬೇಕಾದರೆ ಒತ್ತಿ ಎಂದೆ. ಒತ್ತಿದರು. ಇದು ರಸ್ತೆಯಾ? ಒತ್ತಿದರು. ನಾನು ನಿಮ್ಮ ತಾಯಿಯಾ? ಒತ್ತಿದರು.

ಅಲ್ಲೇ ಕೂತು ಅತ್ತೆ. ಅದಕ್ಕೂ ಕೈ ಒತ್ತಿದರು.

ಮಾರ್ಚ್ 29, ಶುಕ್ರವಾರ

ಇಳಿದುಹೋಗಿದ್ದಾರೆ. ನಾಡಿ ಗಟ್ಟಿ ಇದೆ, ಎದೆ ಸ್ವಚ್ಛ. ಹೀಗೇ ಇನ್ನೂ ಎರಡು ವಾರ, ಮೂರು ವಾರ ಇದ್ದಾರು.

ಅದೇ ಕುತ್ತಿಗೆಗೆ ಬಂದಿರುವುದು. ಈಗ ಹೇಳಿದರೆ ಇವರೂ ಅಕ್ಕನೂ ಬೇರೆ ತೀರ್ಮಾನ ಮಾಡಬಹುದು — ನನಗೆ ಸರಿ ಕಾಣದ ತೀರ್ಮಾನ. ಅದನ್ನು ಅನುಭವಿಸಬೇಕಾದವರು ಮಾವ. ಅವರು ಹೋದ ಮೇಲೆ ಹೇಳಿದರೆ ಯಾರಿಗೂ ಉಪಯೋಗವಿಲ್ಲ, ನನ್ನ ಹೊಟ್ಟೆಯೊಳಗಿನದನ್ನು ಅವರ ಮೇಲೆ ಸುರಿದ ಹಾಗೆ. ಹೇಳದೇ ಇದ್ದರೆ ಎಲ್ಲರೂ ನೆಮ್ಮದಿ. ಮಾವ ಒಬ್ಬರನ್ನು ಬಿಟ್ಟು. ಅವರ ಮಾತನ್ನು ಒಂದು ಸಲ ಕೇಳಲಿಲ್ಲ, ಇನ್ನೊಂದು ಸಲ ಕದ್ದೆ.

ಬೇರೆ ಯಾರಾದರೂ ಡಾಕ್ಟರ್ ಹೀಗೆ ಮಾಡಿದ್ದರೆ ಏನನ್ನುತ್ತಿದ್ದೆ, ಗೊತ್ತು.

ಮಾರ್ಚ್ 30, ಶನಿವಾರ

ಹೇಳಿದೆ.

ಬೆಳಿಗ್ಗೆ ಇವರು ಚಮಚದಲ್ಲಿ ಹಾಲು ಕೊಟ್ಟು ಮುಗಿಸಿ ಕೈ ತೊಳೆಯುತ್ತಿದ್ದರು. ಪಕ್ಕದಲ್ಲಿ ನಿಂತು ಹೇಳಿದೆ. ಎಲ್ಲಾ — ಸ್ಲೈಡ್, ಮಂಚದ ತುದಿ, ಅರ್ಧಕ್ಕೆ ನಿಂತ ಮಾತು, ಟೀ. ನಲ್ಲಿ ಓಡುತ್ತಲೇ ಇತ್ತು. ಇವರು ನಿಲ್ಲಿಸಲಿಲ್ಲ.

“ಅಪ್ಪ ಏನೂ ಹೇಳಿಲ್ಲವಾ?”

“ಹೇಳೋಕೆ ಬಂದಿದ್ರು. ನಾನು ಬಿಡಲಿಲ್ಲ.”

“ಮತ್ತೆ ಈಗ ಯಾಕೆ ಹೇಳಿದೆ?”

“ಇನ್ನೂ ಟೈಮಿದೆ ಅಂತ. ನಿಮಗೆ ಬೇರೆ ಏನಾದ್ರೂ ಅನ್ನಿಸಿದ್ರೆ...”

ನಲ್ಲಿ ನಿಲ್ಲಿಸಿದರು. “ಅಪ್ಪ ಹೇಳಿದ ಹಾಗೆ ನಡ್ಕೊಳ್ತಿದೀನಿ ಅಂತ ಹನ್ನೆರಡು ದಿನ ಧೈರ್ಯವಾಗಿದ್ದೆ,” ಎಂದರು. “ಈಗ ಅವರನ್ನ ಉಪವಾಸ ಕೆಡವಿದವನು ನಾನು.” ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

ಹನ್ನೊಂದಕ್ಕೆ ಅಕ್ಕ ಬಂದರು. ಅವರಿಗೂ ನಾನೇ ಹೇಳಿದೆ. ನೋಟ್‌ಬುಕ್ ತೆಗೆದು ಆ ಪುಟ ಹುಡುಕಿದರು, ತಾರೀಕಿನ ಕೆಳಗೆ ಬರೆದದ್ದನ್ನು ಓದಿದರು, ಮುಚ್ಚಿದರು. “ಟ್ಯೂಬ್ ಹಾಕಿಸೋಣ. ಬೇಡ ಅಂತ ಅಪ್ಪ ಯಾರಿಗೂ ಹೇಳಿಲ್ಲವಲ್ಲ,” ಎಂದರು. ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ. ಕೇಳುವ ಹಾಗೆ ನಾನೂ ಇರಲಿಲ್ಲ.

ಏಪ್ರಿಲ್ 3, ಬುಧವಾರ

ಟ್ಯೂಬ್ ಸೋಮವಾರ ಹಾಕಿದ್ದು. ನಮ್ಮ ವಾರ್ಡಿನ ಹಿರಿಯ ಸಿಸ್ಟರ್ ಮನೆಗೇ ಬಂದು ಹಾಕಿದರು. ಮೂರು ಗಂಟೆಗೊಮ್ಮೆ ದೊಡ್ಡ ಸಿರಿಂಜಿನಲ್ಲಿ ಹಾಲು, ಸೂಪು, ನೀರು. ಕೊಡುವವಳು ನಾನು. ಗಂಟೆ ಬಿಟ್ಟರೆ ಬೇರೆ ಏನೂ ತಲೆಯಲ್ಲಿಲ್ಲ. ಹೊರಗೆ ಹೋಗಿ ನಾಲ್ಕು ದಿನವಾಯಿತು. ಇವರು ನನ್ನ ಜೊತೆ ಆಡುವುದು ಒಂದೇ ಮಾತು — ಕೊಟ್ಟಾಯ್ತಾ. ಆಯ್ತು.

ಮುಖಕ್ಕೆ ಸ್ವಲ್ಪ ಬಣ್ಣ ಬಂದಿದೆ. ಅದನ್ನೂ ಬರೆಯಬೇಕು. ಬಂದಿದೆ.

ಏಪ್ರಿಲ್ 5, ಶುಕ್ರವಾರ

ನಿನ್ನೆ ಮಧ್ಯಾಹ್ನ ಎಡಗೈಯಿಂದ ಟ್ಯೂಬ್ ಎಳೆದುಹಾಕಿದರು. ಸಿಸ್ಟರ್ ಬಂದು ಮತ್ತೆ ಹಾಕಿದರು. ಇವತ್ತು ಬೆಳಿಗ್ಗೆ ಮತ್ತೆ ಎಳೆದರು, ಮೂಗಿನಲ್ಲಿ ರಕ್ತ. ಮತ್ತೆ ಹಾಕಿದ್ದಾಯಿತು. ಕೈಗೆ ದಪ್ಪ ಗವಸು ತೊಡಿಸಿ ಮಣಿಕಟ್ಟಿನಲ್ಲಿ ಕಟ್ಟಿದೆವು. ಗಂಟು ಹಾಕಿದ್ದು ಇವರು. ಮಾವ ಗವಸನ್ನು ನೋಡಿದರು, ಮಗನನ್ನು ನೋಡಿದರು. ಇವರು ಎದ್ದು ಬಾಲ್ಕನಿಗೆ ಹೋದರು.

ಏಪ್ರಿಲ್ 6, ಶನಿವಾರ

ಭಾಷಣ ಇವತ್ತಿತ್ತು. ಸ್ಲೈಡ್ ಜೂನಿಯರ್‌ಗೆ ಕೊಟ್ಟೆ. ಬರಲಾರೆ, ಆ ಕಥೆ ನಿಜವಲ್ಲ ಎಂದು ಸೂಪರಿಂಟೆಂಡೆಂಟ್‌ಗೂ ಹೇಳಿದೆ. ಅವರು, ರೆಸ್ಟ್ ತಗೊಳ್ಳಿ ಎಂದರು. ಕಾರ್ಯಕ್ರಮ ಚೆನ್ನಾಗಾಯಿತಂತೆ.

ಏಪ್ರಿಲ್ 7, ಭಾನುವಾರ. ಬೆಳಿಗ್ಗೆ 10

ಏಳೂವರೆಗೆ ಅಕ್ಕ ಬಂದರು. ಗವಸಿನೊಳಗೆ ಕೈ ಬೆವರಿ ಬಿಳಿಚಿತ್ತು. ಬಿಚ್ಚಿ, ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಬೆರಳು ಬೆರಳೂ ಒರೆಸಿದರು. ಒರೆಸಿ ಮುಗಿಸುವಷ್ಟರಲ್ಲಿ ಮಾವ ಆ ಕೈಯನ್ನು ಬಿಡಿಸಿಕೊಂಡು ಮೂಗಿಗೆ ತಂದರು. ಎಳೆದರು. ಅಕ್ಕ ಹಿಡಿಯಬಹುದಿತ್ತು, ಪಕ್ಕದಲ್ಲೇ ಇದ್ದರು. ಹಿಡಿಯಲಿಲ್ಲ.

ಸಿಸ್ಟರ್‌ಗೆ ಫೋನ್ ಮಾಡಲು ಹೊರಟೆ. ಅಕ್ಕ, ತಾಳು ಎಂದರು. ಟ್ಯೂಬನ್ನು ಬಟ್ಟಲಿಗೆ ಹಾಕಿ, ನನ್ನ ಕಡೆ ನೋಡದೆ ಕೇಳಿದರು.

“ನಿನ್ನ ಕೆಲಸದಲ್ಲಿ ಇದನ್ನ ಎಷ್ಟೋ ನೋಡಿರ್ತೀಯ. ಅಪ್ಪ ಏನು ಹೇಳ್ತಿದಾರೆ?”

ಉತ್ತರ ನಾಲಿಗೆ ತುದಿಯಲ್ಲೇ ಇತ್ತು. ಬೇಡ ಅಂತಿದ್ದಾರೆ ಅಕ್ಕ, ಎಂದರೆ ಸಾಕು. ಅಕ್ಕ ನಂಬಲು ಸಿದ್ಧವಾಗಿದ್ದರು, ಅದಕ್ಕೇ ಕೇಳಿದ್ದು. ಹಿಂದೆ ಬಾಗಿಲಲ್ಲಿ ಇವರು ನಿಂತಿದ್ದರು. ಎಲ್ಲಾ ಮುಗಿದುಹೋಗುತ್ತಿತ್ತು, ನಾನು ನೋಯುವುದು ಸಹ.

“ಗೊತ್ತಿಲ್ಲ ಅಕ್ಕ,” ಎಂದೆ. “ಮೂಗು ಉರೀತಿರಬಹುದು. ಬೇಡವೇ ಬೇಡ ಅಂತಿರಬಹುದು. ನನಗೆ ಗೊತ್ತಿಲ್ಲ.”

ಅಕ್ಕ ತಲೆಯಾಡಿಸಿದರು. ಮಾವನ ಮೂಗಿನ ಕೆಳಗಿನ ರಕ್ತ ಒರೆಸಿದರು. “ಹಾಗಾದ್ರೆ ನಾವೇ ತೀರ್ಮಾನ ಮಾಡಬೇಕು. ಅವರ ಹೆಸರು ಹೇಳದೆ,” ಎಂದರು. ಗವಸು ಮತ್ತೆ ತೊಡಿಸಲಿಲ್ಲ.

ಹತ್ತೂವರೆಗೆ ಮಾವನ ಮುಂದೆಯೇ ಮೂವರೂ ಕೂತು ಮಾತಾಡುವುದೆಂದಾಗಿದೆ. ಅಷ್ಟರೊಳಗೆ ಸ್ನಾನ ಮಾಡಿ ಬಾ ಎಂದು ಅಕ್ಕ ನನ್ನನ್ನು ಕಳಿಸಿದರು. ಸ್ನಾನ ಬಿಟ್ಟು ಇದನ್ನು ಬರೆಯುತ್ತಾ ಕೂತಿದ್ದೇನೆ. ಅವರಿಬ್ಬರೂ ಟ್ಯೂಬ್ ಬೇಕೆಂದರೆ ನಾನು ಮತ್ತೆ ಸಿರಿಂಜ್ ಹಿಡಿಯಬೇಕು. ಬೇಡವೆಂದರೆ ಆ ‘ಬೇಡ’ ಇನ್ನು ನಮ್ಮದು, ಮಾವನದಲ್ಲ, ಸಾಯುವವರೆಗೂ ಹೊರಬೇಕು. ಎರಡಕ್ಕೂ ಹೆದರಿಕೆಯಾಗುತ್ತಿದೆ.

ಇವರು ನಡುಮನೆಯಿಂದ ಕರೆಯುತ್ತಿದ್ದಾರೆ. ಎಂಟು ದಿನದ ಮೇಲೆ ಮೊದಲ ಸಲ ಹೆಸರು ಹಿಡಿದು. ಹೋಗಬೇಕು. ಮೊದಲು ಅವರಿಬ್ಬರ ಮಾತನ್ನು ಪೂರ್ತಿ ಕೇಳಿ, ಆಮೇಲೆ ನನ್ನ ಅಭಿಪ್ರಾಯವನ್ನು ನನ್ನದೆಂದೇ ಹೇಳಬೇಕು.