ನಿಮ್ಮಪ್ಪನ ಬಿಕ್ಕಳಿಕೆ

ಮನೆಯಿಂದ,
ಭಾನುವಾರ ಮಧ್ಯಾಹ್ನ, ಮಾರ್ಚ್ ೧೪

ಪ್ರೀತಿಯ ಪುಟ್ಟಿ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ, ಇಲ್ಲ ನಿನ್ನ ಇಲಿಗಳ ಊಟ ಮುಗಿದ ಮೇಲೆ ನಿನ್ನ ಹೊಟ್ಟೆಯ ನೆನಪಾಗುತ್ತದೆಯೋ? ಹೋದ ಸಲ ಬಂದಾಗ ಇದ್ದ ಕೆಮ್ಮು ಬಿಟ್ಟಿತೇ? ನಾವು ಕ್ಷೇಮ ಎಂದು ಬರೆಯುವುದು ವಾಡಿಕೆ, ಆದರೆ ಈ ಸಲ ಕೈ ಬರುತ್ತಿಲ್ಲ. ನಿಮ್ಮಪ್ಪ ಬದುಕಿದ್ದಾರೆ. ಅದನ್ನು ಓದಿ ಉಸಿರು ಬಿಡು, ಆಮೇಲೆ ಒಂದು ಕಡೆ ಕೂತು ಉಳಿದದ್ದನ್ನು ಓದು. ನೀನಿರುವ ಸಂಶೋಧನೆಯ ತೋಟಕ್ಕೆ ಫೋನು ಸಿಗುವುದಿಲ್ಲ, ವಾರಕ್ಕೊಮ್ಮೆ ಸಾಮಾನು ಸಾಗಿಸುವ ಜೀಪಿನವನೇ ನಮಗೆ ಗತಿ. ಹೋದ ವಾರ ಅವನು ಹೊರಟಾಗ ನಾನು ಆಸ್ಪತ್ರೆಯ ಬೆಂಚಿನ ಮೇಲಿದ್ದೆ. ಇವತ್ತು ಜೀಪು ಬರುವುದರೊಳಗೆ ಮುಗಿಸಬೇಕು, ಅಕ್ಷರ ಕೋಳಿ ಕಾಲಾಗಿದ್ದರೆ ನಗಬೇಡ.

ನಕ್ಷತ್ರ ಹಣ್ಣಿನಲ್ಲಿರುವ ಅದ್ಯಾವುದೋ ಅಂಶದಿಂದ ಇಲಿಗಳ ರಕ್ತದಲ್ಲಿ ಸಕ್ಕರೆ ಇಳಿಯಿತು ಎಂದು ಪೇಪರಿನಲ್ಲಿ ಬಂದಿತ್ತಲ್ಲ, ಬಿಳಿ ಕೋಟಿನ ನಿನ್ನ ಫೋಟೋ ಸಮೇತ? ಅದನ್ನು ಕತ್ತರಿಸಿ ನಿಮ್ಮಪ್ಪ ಕ್ಷೌರದಂಗಡಿಯ ಕನ್ನಡಿಯ ನಟ್ಟನಡುವೆ ಅಂಟಿಸಿದರು. ಬಂದವರು ತಮ್ಮ ಮುಖ ನೋಡಿಕೊಳ್ಳುವ ಮೊದಲು ನಿನ್ನ ಮುಖ ನೋಡಬೇಕು. ಗಿರಾಕಿಯ ಬಾಯಿಯ ಸುತ್ತ ನೊರೆ ಹಚ್ಚಿ, ಅವನು ತುಟಿ ಬಿಚ್ಚಲಾಗದ ಹೊತ್ತು ನೋಡಿ, ‘ನಮ್ ಹುಡುಗಿ ಕಂಡುಹಿಡಿದಿದ್ದು’ ಎಂದು ಶುರು ಹಚ್ಚುತ್ತಿದ್ದರು. ‘ಇನ್ನೂ ಇಲಿಗಳ ಮೇಲೆ ಮಾತ್ರ ನೋಡಿದ್ದೀವಪ್ಪಾ’ ಎಂದು ನೀನು ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು, ಅವರ ಕಿವಿಗೆ ಬೀಳಲಿಲ್ಲ. ಅವರಿಗೂ ಸಕ್ಕರೆ ಕಾಯಿಲೆ ಇದೆಯಲ್ಲ, ಚೀಲಗಟ್ಟಲೆ ಹಣ್ಣು ತಂದು ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ದೊಡ್ಡ ಲೋಟದ ತುಂಬ ರಸ ಕುಡಿಯತೊಡಗಿದರು. ಹುಳಿಗೆ ಮುಖ ಕಿವಿಚಿಕೊಂಡು ‘ಅಮೃತ ಕಣೇ’ ಎನ್ನುವರು. ನಿನಗೆ ಗೊತ್ತಿಲ್ಲದ ಮಾತೊಂದಿದೆ. ಅವರ ಕಿಡ್ನಿ ಸೋತಿದೆ ಎಂದು ಹೋದ ವರ್ಷವೇ ಡಾಕ್ಟರು ಹೇಳಿದ್ದರು. ‘ಅವಳಿಗೆ ತಿಳಿಸ್ಬೇಡ, ಕೆಲಸ ಬಿಟ್ಟು ಓಡಿ ಬರ್ತಾಳೆ’ ಎಂದು ನನ್ನ ಬಾಯಿಗೂ ಬೀಗ ಹಾಕಿಸಿದ್ದರು.

ಹೋದ ಬುಧವಾರದ ಹಿಂದಿನ ಬುಧವಾರ ಅಂಗಡಿಯಲ್ಲಿ ಬಿಕ್ಕಳಿಕೆ ಶುರುವಾಯಿತು. ಕತ್ತಿ ಹಿಡಿದ ಕೈ ಎಗರುವುದನ್ನು ಕಂಡು, ಗಡ್ಡ ಹೆರೆಸಿಕೊಳ್ಳುತ್ತಿದ್ದ ಪಕ್ಕದಂಗಡಿಯ ಟೈಲರು ಅರ್ಧ ಗಡ್ಡದಲ್ಲೇ ಎದ್ದು, ‘ಮೊದಲು ನೀರು ಕುಡೀರಿ, ಕುತ್ತಿಗೆ ನಂದು’ ಎಂದರಂತೆ. ಊಟಕ್ಕೆ ಮನೆಗೆ ಬಂದಾಗ ನಾನು ‘ಮಗಳು ನೆನೆಸ್ಕೊಳ್ತಿದ್ದಾಳೆ ಬಿಡಿ’ ಎಂದು ನಕ್ಕೆ. ಅವರ ಮುಖ ಅರಳಿತು. ನೀರು ಕುಡಿದರು, ಉಸಿರು ಬಿಗಿಹಿಡಿದರು, ನಾನು ಹಿಂದಿನಿಂದ ಬಂದು ಹೆದರಿಸಿದೆ. ಯಾವುದಕ್ಕೂ ನಿಲ್ಲಲಿಲ್ಲ. ಮಾರನೆಯ ಬೆಳಿಗ್ಗೆ ಬಿಕ್ಕುತ್ತಲೇ ನನ್ನನ್ನು ನೋಡಿ, ‘ಯಾರು ಬೇಕಿತ್ತಮ್ಮಾ? ಇಲ್ಲಿ ಗಂಡಸರಿಗೆ ಮಾತ್ರ ಕಟಿಂಗು’ ಎಂದರು. ಪುಟ್ಟಿ, ತಮಾಷೆ ಇರಬೇಕೆಂದು ಅವರ ಕಣ್ಣು ನೋಡಿದೆ. ಆ ಕಣ್ಣಿಗೆ ನನ್ನ ಗುರುತೇ ಇರಲಿಲ್ಲ. ಆಟೋ ಹತ್ತಿಸಿ ಆಸ್ಪತ್ರೆಗೆ ಹೊರಟೆ. ದಾರಿಯಲ್ಲಿ ಅವರ ಕೈಕಾಲು ಸೆಟೆದುಕೊಂಡವು.

ಏನು ತಿಂದರು ಎಂದು ಡಾಕ್ಟರಮ್ಮ ಕೇಳಿದರು. ಹಣ್ಣಿನ ಹೆಸರು ಹೇಳಿದ ಕೂಡಲೇ ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಕಿಡ್ನಿ ಚೆನ್ನಾಗಿದ್ದವರಿಗೆ ಒಳ್ಳೆಯ ಹಣ್ಣೇ ಅಂತೆ. ಸೋತವರಿಗೆ ಅದರೊಳಗಿನ ಒಂದು ವಿಷ ಹೊರಗೆ ಹೋಗದೆ ಮಿದುಳಿಗೇರುತ್ತದಂತೆ, ಜೀವವನ್ನೂ ತೆಗೆಯುತ್ತದಂತೆ. ಬಿಕ್ಕಳಿಕೆಯೇ ಅದರ ಮೊದಲ ಗುರುತಂತೆ. ಹಣ್ಣು ಕಣೇ. ಮಕ್ಕಳ ಕೈಗೆ ಕೊಡುವ ಹಣ್ಣು. ಆ ಬಿಕ್ಕಳಿಕೆಯನ್ನು ನೋಡಿಯೇ ನಾನು ನಕ್ಕಿದ್ದೆ. ಡಯಾಲಿಸಿಸ್ ಆದ ಮೇಲೆ ಬಿಕ್ಕಳಿಕೆ ನಿಂತಿತು. ಕಣ್ಣು ಬಿಟ್ಟವರು ‘ಅಂಗಡಿ ಬೀಗ ಹಾಕಿದ್ಯಾ?’ ಎಂದು ಕೇಳಿದರು. ನಾನು ಆಗ ಅತ್ತೆ, ಅಲ್ಲಿಯವರೆಗೆ ಅಳು ಬಂದಿರಲಿಲ್ಲ. ನಿನ್ನೆ ಮನೆಗೆ ಕರೆತಂದೆವು.

ನಿನ್ನ ತಪ್ಪೇನೂ ಇಲ್ಲ, ಅದನ್ನು ತಲೆಗೆ ಹಚ್ಚಿಕೊಳ್ಳಬೇಡ. ಇನ್ನು ಮುಂದೆ ಪೇಪರಿನವರು ಬಂದರೆ ಯಾರು ತಿನ್ನಬಾರದು ಎಂಬುದನ್ನೂ ಬರೆಸು, ಅಷ್ಟೇ. ಗಾಬರಿಯಾಗಿ ಓಡಿ ಬರಬೇಡ, ನಾನಿದ್ದೇನೆ. ನಿನ್ನ ಕೆಲಸ ಕೈಗೂಡಲಿ, ಮೈ ಗಟ್ಟಿಯಾಗಿರಲಿ.

ನಿನ್ನ
ಅಮ್ಮ

ಇನ್ನೊಂದು ಮಾತು: ಪುಟ್ಟಿ, ಪತ್ರ ಮಡಚುವಾಗ ಅಡುಗೆಮನೆಯಲ್ಲಿ ಸದ್ದಾಯಿತು. ನೋಡಿಕೊಂಡು ಹೋಗಲು ಬಂದಿದ್ದ ಟೈಲರು, ಪಾಪ, ಅವರಿಗೇನು ಗೊತ್ತು, ಒಂದು ಚೀಲ ಅದೇ ಹಣ್ಣು ಇಟ್ಟು ಹೋಗಿದ್ದಾರೆ. ನಿಮ್ಮಪ್ಪ ಗೋಡೆ ಹಿಡಿದುಕೊಂಡು ನಿಂತು ಹೆಚ್ಚುತ್ತಿದ್ದರು. ಚಾಕು ಕಿತ್ತುಕೊಂಡೆ. ‘ಡಾಕ್ಟರು ನೂರು ಹೇಳ್ತಾರೆ. ನನ್ ಮಗಳು ಬೇಡ ಅಂದಿಲ್ಲ’ ಎನ್ನುತ್ತಾರೆ. ಎಷ್ಟು ದಿನ ಕಾವಲು ಕಾಯಲಿ? ಜೀಪು ಹಾರ್ನ್ ಹೊಡೆಯುತ್ತಿದೆ. ಓಡಿ ಬರಬೇಡ ಎಂದು ಮೇಲೆ ಬರೆದದ್ದನ್ನು ಬಿಟ್ಟುಬಿಡು. ರಜೆ ಕೇಳುತ್ತಾ ಕೂರಬೇಡ, ಇದೇ ಜೀಪಿನಲ್ಲಿ ಹೊರಟು ಬಾ. ಅವರೆದುರು ನಿಂತು ‘ಬೇಡಪ್ಪಾ’ ಅನ್ನು.