ಮಾರ್ಮಟ್ ಇಳಿದು ಬರಲಿಲ್ಲ

ಅಕ್ಟೋಬರ್ 9, ಕರಾಕೋಲ್

...‘ಕತೆ ಎಲ್ಲಿ ನಡೆದರೇನು’ ಎಂದಿದ್ದಳಲ್ಲ ಮೊನ್ನೆ ಸಂಪಾದಕಿ ಜಿಪಾರಾ, ಅದು ಇವತ್ತಿನವರೆಗೂ ಕೊರೆಯುತ್ತಿತ್ತು. ಮಕ್ಕಳ ಪುಸ್ತಕಕ್ಕೆ ನಾನು ಕೊಟ್ಟ ಅಜ್ಜಿಯ ಕತೆಯನ್ನು, ಬೆಟ್ಟದಲ್ಲಿ ಬಿಲ ತೋಡುವ ದಪ್ಪ ಅಳಿಲಿನಂಥ ಮಾರ್ಮಟ್‌ನ ಕತೆಯನ್ನು, ಬೆಟ್ಟದ ಮೇಲಿನ ಹುಲ್ಲುಗಾವಲಿನಿಂದ ಎತ್ತಿ ಊರಿನ ಸೇಬಿನ ತೋಟದಲ್ಲಿ ಇಟ್ಟಿದ್ದಳು. ಕೊನೆಗೆ, ಕೊಟ್ಟ ಮಾತಿಗೆ ತಪ್ಪಬಾರದು ಎಂಬ ನೀತಿ ಬೇರೆ. ನಾಳೆ ಅಚ್ಚಿಗೆ ಹೋಗುತ್ತದೆ.

ಇವತ್ತು ಅವಳ ಬಳಿ ಹೋಗಿ, “ನಿನ್ನ ತೋಟದಲ್ಲೇ ಕತೆ ಹೇಳಮ್ಮ, ಕೇಳೋಣ” ಅಂದೆ.

“ಮಾರ್ಮಟ್ ಯಾಕೆ ಬಿಲದ ಬಾಯಲ್ಲಿ ಎದ್ದು ನಿಲ್ಲುತ್ತೆ ಅಂದ್ರೆ... ‘ಮುಂದಿನ ಬೇಸಿಗೇಲಿ ಬರ್ತೀವಿ, ಹುಲ್ಲು ಕಾಯ್ತಿರು’ ಅಂತ ಅದಕ್ಕೆ ಹೇಳಿ ಕುರಿಗಾಹಿಗಳು ಗುಡಾರ ಬಿಚ್ಚಿ ಕೆಳಗೆ ಇಳಿದ್ರು...”

ಅಲ್ಲಿಗೆ ನಿಲ್ಲಿಸಿದಳು.

“ತೋಟದಿಂದ ಎಲ್ಲಿಗೆ ಇಳೀತಾರೆ?” ಅಂದೆ.

“ಸೇಬು ತಿನ್ನೋಕೆ ಅಡುಗೆಮನೆಗೆ,” ಅಂತ ತಾನೇ ನಕ್ಕಳು. “ಆಯ್ತು ಅಣ್ಣ, ನಿಮ್ಮ ಬೆಟ್ಟ ನಿಮಗೇ. ನೀತಿ?”

“ನೀತಿಕತೆ ಕೇಳುವವನ ಕಡೆ ಬೆರಳು ಮಾಡುತ್ತೆ. ಇದು ಬೆಟ್ಟದ ಕಡೆ, ಅವರ ದಾರಿ ನೋಡ್ತಾ ಇನ್ನೂ ನಿಂತಿರೋ ಮಾರ್ಮಟ್ ಕಡೆ,” ಅಂದೆ.

ತನ್ನ ಕೈಯಿಂದಲೇ ನೀತಿಯನ್ನು ಹೊಡೆದುಹಾಕಿದಳು. ಗೆದ್ದೆ. ಇಷ್ಟು ನೆಮ್ಮದಿಯಾಗಿ ಗೆದ್ದದ್ದು ನೆನಪಿಲ್ಲ. ಚಹಾ ಆರಿದ್ದರೂ ಪೂರ್ತಿ ಕುಡಿದೆ.

ಈಗ ಕಣ್ಣು ಎಳೆಯುತ್ತಿದೆ. ಅಜ್ಜಿ ಅದನ್ನು ನನಗೆ ಹೇಳಿದ್ದು ನಾವು ಗುಡಾರ ಹೇರಿಕೊಂಡು ಇಳಿಯುವಾಗ, ಅವಳ ಕುದುರೆಯ ಮೇಲೆ. ಮಾರ್ಮಟ್ ಇನ್ನೂ ನಿಂತಿದೆಯಾ ಅಂತ ನಾನು ತಿರುಗಿ ತಿರುಗಿ ಬೆಟ್ಟ ನೋಡುತ್ತಿದ್ದೆ. ಅಜ್ಜಿ, ನೀನೂ ನೋಡಿದೆಯಾ?