ಕೂತೇ ನಿದ್ದೆ ಮಾಡುತ್ತಿದ್ದಳು

ಮಗಳೇ,

ನೀನು ರಾತ್ರಿ ಪಾಳಿ ಮುಗಿಸಿ ಈಗಷ್ಟೇ ಮಲಗಿದ್ದೆ, ಎಬ್ಬಿಸಲು ಮನಸ್ಸಾಗಲಿಲ್ಲ. ಪುಟ್ಟಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಆಪರೇಷನ್ ಆದಮೇಲೆ ಹೃದಯದ ಸುತ್ತ ಬಂದಿದ್ದ ಊತ, ಮಾತ್ರೆ ಕಡಿಮೆ ಮಾಡಿದೊಡನೆ ಮತ್ತೆ ಬಂದಂತಿದೆ. ಇದು ಮೂರನೇ ಸಲ. ಮಲಗಿದರೆ ಎದೆ ಚುಚ್ಚುತ್ತದೆಂದು ಎರಡು ದಿನದಿಂದ ಕೂತೇ ನಿದ್ದೆ ಮಾಡುತ್ತಿದ್ದಳು.

"ಅಜ್ಜಿ, ಅಮ್ಮಂಗೆ ಹೇಳ್ಬೇಡ. ಪಾಪ, ಈಗೀಗ ನಗ್ತಿದಾಳೆ" ಅಂದಳು. ನಾನೂ ಸುಮ್ಮನಿದ್ದುಬಿಟ್ಟೆ. ತಪ್ಪು ನನ್ನದು, ಅವಳನ್ನು ಬೈಯಬೇಡ.

ಅಡುಗೆ ಒಲೆಯ ಮೇಲಿದೆ, ಉಂಡೇ ಬಾ. ಹಳೆಯ ರಿಪೋರ್ಟುಗಳನ್ನೂ, ಅವಳು ತಬ್ಬಿಕೊಂಡು ಮುಂದಕ್ಕೆ ಬಾಗುವ ನೀಲಿ ದಿಂಬನ್ನೂ ತಾ.

ಸ್ಕ್ಯಾನ್ ಮಾಡುವ ಆ ಹುಡುಗಿ ಜೆಲ್ಲನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಹಚ್ಚುತ್ತಾಳಲ್ಲ, ಇವತ್ತು ಅವಳೇ ಇರಲಿ. ಅದಕ್ಕಿಂತ ಹೆಚ್ಚಿನದನ್ನು ಕೇಳಿಕೊಳ್ಳುವ ಧೈರ್ಯ ನನ್ನಲ್ಲಿ ಉಳಿದಿಲ್ಲ.

ಅಮ್ಮ